ಮಂಡ್ಯ-ಮೈಸೂರು ಸೀಮೆಯ ಹಾಳೂರು, ಒಡೆದ ಏರಿ ಲೈಡಾರಲ್ಲಿ ಹುಡುಕೋದು ಹೇಗೆ

ಮಂಡ್ಯ, ಮೈಸೂರು ಕಡೆ ತಾಲ್ಲೂಕಿನ ಗ್ರಾಮಗಳ ಪಟ್ಟಿ ತೆಗೆದು ನೋಡಿ, ಒಂದಷ್ಟು ಹೆಸರಿನ ಮುಂದೆ ಬೇಚಿರಾಕ್ ಅಂತ ಬರ್ದಿರತ್ತೆ. ಊರಿಗೆ ಗಡಿ ಇದೆ, ಸರ್ವೆ ನಂಬರ್ ಇದೆ, ಪಹಣಿನೂ ಬರತ್ತೆ, ಜನ ಮಾತ್ರ ಇಲ್ಲ. ಪ್ಲೇಗೋ ಬರವೋ ದಂಡು ಬಂದಿದ್ದೋ ಏನೋ ಒಂದಾಗಿ ಖಾಲಿಯಾದ ಊರುಗಳು ಇವು, ಈಗ ರಾಗಿ ಹೊಲನೋ ಗೋಮಾಳನೋ ಆಗಿರತ್ತೆ, ನೆಲದ ಮೇಲೆ ನಿಂತು ನೋಡಿದ್ರೆ ಏನೂ ಕಾಣಲ್ಲ, ಹೆಚ್ಚಂದ್ರೆ ಒಂದು ಮಾರಿಗುಡಿ ಕಲ್ಲು, ಒಂದಷ್ಟು ಹೆಂಚಿನ ಚೂರು. ಆದ್ರೆ ಬೀದಿ ಇದ್ದ ಜಾಗ, ಗೋಡೆ ಬಿದ್ದ ಜಾಗ, ಊರ ಸುತ್ತ ಇದ್ದ ಕಂದಕ ಇವೆಲ್ಲ ಒಂದಡಿ ಎರಡಡಿ ಎತ್ತರ ತಗ್ಗಿನಲ್ಲಿ ಇನ್ನೂ ಉಳ್ಕೊಂಡಿರತ್ತೆ. ಅದನ್ನ ಹಿಡಿಯೋಕೆ ಲೈಡಾರ್ ತುಂಬಾ ಚೆನ್ನಾಗಿದೆ, ಅಂದ್ರೆ ಆಕಾಶದಿಂದ ಲೇಸರ್ ಬಿಟ್ಟು ನೆಲದ ಉಬ್ಬು ತಗ್ಗು ಅಳೆಯೋ ವಿದ್ಯೆ.

ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ. ಲೇಸರ್‌ಗೆ ಗೊತ್ತಾಗೋದು ಆಕಾರ ಮಾತ್ರ, ವಯಸ್ಸಲ್ಲ. ಗಂಗರ ಕಾಲದ ಏರಿನೂ ಹೋದ್ವರ್ಷ ಜೆಸಿಬಿ ಎಳೆದ ಬದುನೂ ಅದಕ್ಕೆ ಒಂದೇ. ಹಂಗಾಗಿ ಕೆಲಸದಲ್ಲಿ ಡ್ರೋನ್ ಹಾರಿಸೋದು ಬಹಳ ಸಣ್ಣ ಭಾಗ, ಉಳಿದಿದ್ದೆಲ್ಲ ಅದಕ್ಕೂ ಮುಂಚೆ ಕಾಗದ ನೋಡೋದು, ಆಮೇಲೆ ಕಾಲಲ್ಲಿ ನಡೆಯೋದು.

ಲೇಸರ್ ಏನ್ ಮಾಡತ್ತೆ

ವಿಮಾನನೋ ಹೆಲಿಕಾಪ್ಟರೋ ಡ್ರೋನೋ, ಅದರ ಹೊಟ್ಟೇಲಿರೋ ಸ್ಕ್ಯಾನರ್ ಸೆಕೆಂಡಿಗೆ ಲಕ್ಷಗಟ್ಟಲೆ ಲೇಸರ್ ಮಿಡಿತ ಕೆಳಕ್ಕೆ ಬಿಡತ್ತೆ, ಅದು ಹೋಗಿ ತಾಗಿ ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು ಅನ್ನೋದ್ರಿಂದ ದೂರ ಲೆಕ್ಕ ಹಾಕತ್ತೆ. ಆ ಕ್ಷಣದಲ್ಲಿ ಡ್ರೋನ್ ಎಲ್ಲಿತ್ತು ಅಂತ ಜಿಪಿಎಸ್ ಹೇಳತ್ತೆ, ಯಾವ ಕಡೆ ವಾಲಿತ್ತು ಅಂತ ಇನ್ನೊಂದು ಸೆನ್ಸರ್ ಹೇಳತ್ತೆ, ಮೂರೂ ಸೇರಿಸಿದ್ರೆ ನೆಲದ ಮೇಲಿನ ಒಂದು ಬಿಂದು. ಒಂದೇ ಮಿಡಿತದ ಸ್ವಲ್ಪ ಭಾಗ ಎಲೆಗೆ ತಾಗಿ ವಾಪಸ್ ಬಂದು ಇನ್ನು ಸ್ವಲ್ಪ ಸಂದೀಲಿ ನುಗ್ಗಿ ನೆಲ ಮುಟ್ಟಿ ಬರತ್ತೆ, ಇದೇ ಇದರ ಜೀವಾಳ. ಆಮೇಲೆ ಕಂಪ್ಯೂಟರಲ್ಲಿ ಎಲೆಯ ಬಿಂದುಗಳನ್ನ ತೆಗೆದ್ರೆ ಕಾಡಿಲ್ಲದ ನೆಲ ಸಿಗತ್ತೆ. 2009ರಲ್ಲಿ ಬೆಲೀಜ್ ದೇಶದ ಕರಕೋಲ್ ಅನ್ನೋ ಮಾಯಾ ಪಟ್ಟಣದ ಸುತ್ತ ಸುಮಾರು 200 ಚದರ ಕಿಲೋಮೀಟರ್ ಕಾಡನ್ನ ಹಿಂಗೆ ಕೆಲವೇ ದಿನದಲ್ಲಿ ಸ್ಕ್ಯಾನ್ ಮಾಡಿದ್ರು, 2012ರಲ್ಲಿ ಕಾಂಬೋಡಿಯಾದ ಅಂಕೋರ್ ಕಡೆ ಹೆಲಿಕಾಪ್ಟರಿಂದ ಸುಮಾರು 370 ಚದರ ಕಿಲೋಮೀಟರ್, ಕಾಡೊಳಗೆ ಬೀದಿ ಬೀದಿಯಾಗಿ ಊರು ಎದ್ದು ಕಾಣ್ತು.

ಇದು ಕಾಡಿನ ಮೂಲಕ ನೋಡೋ ಎಕ್ಸ್‌ರೇ ಅಂತ ಪೇಪರಲ್ಲಿ ಬರೀತಾರೆ, ಅಲ್ಲ. ಮರದ ಕೆಳಗೆ ಹೋಗಿ ನಿಂತ್ಕೊಳ್ಳಿ, ಬಿಸಿಲು ಚುಕ್ಕೆ ಚುಕ್ಕೆಯಾಗಿ ನೆಲಕ್ಕೆ ಬೀಳ್ತಿದ್ರೆ ಲೇಸರೂ ಬೀಳತ್ತೆ, ಇಲ್ಲಾಂದ್ರೆ ಇಲ್ಲ. ಮಣ್ಣೊಳಗಂತೂ ಒಂದು ಬೆರಳೂ ಇಳಿಯಲ್ಲ. ತಲಕಾಡಿನ ಮರಳ ದಿಬ್ಬದ ಆಕಾರ ಅಚ್ಚುಕಟ್ಟಾಗಿ ಬರತ್ತೆ, ಆದ್ರೆ ಮರಳಿನ ಅಡಿ ಗುಡಿ ಇದ್ಯಾ ಅಂದ್ರೆ ಲೈಡಾರ್ ಹೇಳಲ್ಲ, ಅದಕ್ಕೆ ನೆಲದೊಳಗೆ ರೇಡಾರ್ ಬಿಡೋ ಬೇರೆ ಯಂತ್ರ ಬೇಕು. ಯಾರಾದ್ರೂ ಡ್ರೋನ್ ಹಾರಿಸಿ ಹೂತುಹೋದ ಗುಡಿ ತೋರಿಸ್ತೀನಿ ಅಂತ ಬಂದ್ರೆ ದುಡ್ಡು ಕೊಡ್ಬೇಡಿ.

ಮೊದಲ್ನೇ ಕೆಲಸ, ಪ್ರಶ್ನೆ ಮತ್ತೆ ಕಾಗದ

ಇಡೀ ಶ್ರೀರಂಗಪಟ್ಟಣ ಸ್ಕ್ಯಾನ್ ಮಾಡೋಣ ಅಂತ ಶುರು ಮಾಡಿದ್ರೆ ಎಲ್ಲೂ ಮುಟ್ಟಲ್ಲ. ಪ್ರಶ್ನೆ ಸಣ್ಣದಿರ್ಲಿ. ಈ ಬೇಚಿರಾಕ್ ಊರಿನ ಬೀದಿ ಯಾವ ದಿಕ್ಕಿಗಿತ್ತು? ಈ ಶಾಸನದಲ್ಲಿ ಹೇಳಿರೋ ಕೆರೆಯ ಏರಿ ಎಲ್ಲಿ ಒಡೀತು, ಕೋಡಿ ಎಲ್ಲಿತ್ತು? ಕಾವೇರಿ ನೀರನ್ನ ಮೈಸೂರಿಗೆ ತರ್ತೀನಿ ಅಂತ ದಿವಾನ್ ಪೂರ್ಣಯ್ಯ ತೋಡಿಸಿ ಕೈಗೂಡದೇ ಹೋದ ನಾಲೆ ಎಲ್ಲೆಲ್ಲಿ ಉಳಿದಿದೆ, ಎಲ್ಲೆಲ್ಲಿ ಲೇಔಟ್ ಎದ್ದಿದೆ? ಈ ಮೂರನೇದು ನನಗೆ ಬಹಳ ಇಷ್ಟದ್ದು, ಯಾಕಂದ್ರೆ ನಾಲೆಗೆ ಇಳಿಜಾರು ಇರ್ಲೇಬೇಕು, ಲೈಡಾರಲ್ಲಿ ಅದರ ತಳದ ಎತ್ತರ ಸೆಂಟಿಮೀಟರ್ ಲೆಕ್ಕದಲ್ಲಿ ಸಿಗತ್ತೆ, ಹಂಗಾಗಿ ಬರೀ ಎಲ್ಲಿತ್ತು ಅಂತ ಅಲ್ಲ, ನೀರು ಅದರಲ್ಲಿ ಹರೀಬಹುದಿತ್ತಾ ಅಂತಲೂ ಕೇಳ್ಬಹುದು.

ಪ್ರಶ್ನೆ ಆದ್ಮೇಲೆ ಕಾಗದ. ನಮ್ಮ ಶಾಸನಗಳನ್ನೆಲ್ಲ ಸೇರಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ತೆಗೀರಿ, ಅದನ್ನ ಶುರು ಮಾಡಿದ ಬಿ.ಎಲ್. ರೈಸ್ ಕಾಲದ ಮೊದಲ ಆವೃತ್ತೀಲಿ ಮೈಸೂರು ಜಿಲ್ಲೆ 3 ಮತ್ತು 4ನೇ ಸಂಪುಟದಲ್ಲಿದೆ, ಮಂಡ್ಯ ಜಿಲ್ಲೆ ಆಗಿದ್ದು 1939ರಲ್ಲಿ ತಾನೇ, ಹಂಗಾಗಿ ಮಂಡ್ಯದ ಊರುಗಳೂ ಅದರಲ್ಲೇ. ಕೆರೆ ಕಟ್ಟಿಸಿದವರಿಗೆ ಕೊಟ್ಟ ಕಟ್ಟುಕೊಡಗೆ ಅನ್ನೋ ಭೂಮಿ ದತ್ತಿ, ಗದ್ದೆ ಬಿಟ್ಟಿದ್ದು, ಎಲ್ಲೆ ಹೇಳುವಾಗ ಮೂಡಲು ಇಂಥ ಗುಂಡು ಪಡುವಲು ಇಂಥ ಹಳ್ಳ ಅನ್ನೋ ಸಾಲುಗಳು ಬರತ್ತೆ, ಅವನ್ನೆಲ್ಲ ಬರ್ಕೊಳ್ಳಿ. ಆಮೇಲೆ ಭೂದಾಖಲೆ ಇಲಾಖೆ ವೆಬ್‌ಸೈಟಲ್ಲಿ ಗ್ರಾಮ ನಕ್ಷೆ ಸಿಗತ್ತೆ, ದಿಶಾಂಕ್ ಆ್ಯಪಲ್ಲಿ ನಿಂತ ಜಾಗದ ಸರ್ವೆ ನಂಬರ್ ಬರತ್ತೆ. ಸರ್ವೆ ಆಫ್ ಇಂಡಿಯಾದ ಟೋಪೋಶೀಟ್‌ನೂ ಇಳಿಸ್ಕೊಳ್ಳಿ, ಹಳೇ ನಂಬರಿನ ಲೆಕ್ಕದಲ್ಲಿ ಮೈಸೂರು, ಶ್ರೀರಂಗಪಟ್ಟಣದ ಸುತ್ತಮುತ್ತ 57ಡಿ.

ಇವೆಲ್ಲಕ್ಕಿಂತ ಉಪಯೋಗಕ್ಕೆ ಬರೋದು ಕೊರೋನಾ ಅನ್ನೋ ಅಮೆರಿಕದ ಗೂಢಚಾರ ಉಪಗ್ರಹದ ಫೋಟೋಗಳು (ಕಾಯಿಲೆಗೂ ಇದಕ್ಕೂ ಸಂಬಂಧ ಇಲ್ಲ). 1960ರಿಂದ 1972ರ ತನಕ ತೆಗ್ದಿದ್ದು, 1995ರಲ್ಲಿ ಗುಟ್ಟು ಬಿಟ್ಕೊಟ್ರು, ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆಯ ಅರ್ಥ್‌ಎಕ್ಸ್‌ಪ್ಲೋರರ್ ತಾಣದಲ್ಲಿ ಹುಡುಕ್ಬಹುದು, ಒಳ್ಳೇ ಫಿಲ್ಮುಗಳಲ್ಲಿ ಸುಮಾರು 2 ಮೀಟರ್ ವಸ್ತು ತನಕ ಕಾಣತ್ತೆ. ಜೆಸಿಬಿ ಬರೋಕೂ ಮುಂಚಿನ ನಮ್ಮ ಸೀಮೆ ಅದರಲ್ಲಿದೆ.

ಎರಡು, ಬೇರೆಯವರ ಡೇಟಾದಲ್ಲಿ ಕಣ್ಣು ಪಳಗಿಸ್ಕೊಳ್ಳಿ

ನಮ್ಮ ದೇಶದಲ್ಲಿ ಯಾರು ಬೇಕಾದ್ರೂ ಇಳಿಸ್ಕೊಳ್ಳೋ ಥರ ಊರೂರಿನ ಲೈಡಾರ್ ಡೇಟಾ ಇಟ್ಟಿಲ್ಲ. ಭುವನ್‌ನಲ್ಲಿ (ಇಸ್ರೋದ ನಕ್ಷೆ ತಾಣ) ಸಿಗೋ ಕಾರ್ಟೋಸ್ಯಾಟ್ ಉಪಗ್ರಹದ ಎತ್ತರದ ಡೇಟಾ 30 ಮೀಟರಿಗೊಂದು ಚೌಕ, ಕೆರೆಗೆ ಎಲ್ಲಿಂದ ನೀರು ಬರ್ತಿತ್ತು ಅಂತ ನೋಡೋಕೆ ಸಾಕು, ಕಂದಕ ಗೋಡೆ ಹುಡುಕೋಕೆ ಪ್ರಯೋಜನ ಇಲ್ಲ. ಹಳ್ಳಿ ಮನೆ ಜಾಗಕ್ಕೆ ಹಕ್ಕುಪತ್ರ ಕೊಡೋ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿ ಮೇಲೆ ಹಾರಿದ ಡ್ರೋನುಗಳು ಲೈಡಾರಲ್ಲ, ಫೋಟೋ ತೆಗ್ಯೋವು, ಅದು ಮರದ ಕೆಳಗೆ ನೋಡಲ್ಲ.

ಹಂಗಾಗಿ ಕಲಿಯೋಕೆ ಇಂಗ್ಲೆಂಡಿಂದೋ ನೆದರ್ಲೆಂಡ್ಸಿಂದೋ ಇಳಿಸ್ಕೊಳ್ಳಿ, ಎರಡೂ ದೇಶದ ಸರ್ಕಾರಗಳು ಫ್ರೀಯಾಗಿ ಕೊಡ್ತವೆ. ಗೊತ್ತಿರೋ ಜಾಗ ತಗೊಳ್ಳಿ, ಇಂಗ್ಲೆಂಡಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಒಂದು ತುಂಡು ತಗೊಂಡು ಕೆಳಗೆ ಹೇಳೋ ಹಂತಗಳನ್ನೆಲ್ಲ ಅದರ ಮೇಲೆ ಮಾಡಿ. ಗೋಡೆ, ಕಂದಕ, ಹಳೇ ಉಳುಮೆ ಸಾಲು ಹೆಂಗೆ ಕಾಣತ್ತೆ ಅಂತ ಕಣ್ಣಿಗೆ ಗೊತ್ತಾಗ್ದೇ ನಮ್ಮ ಊರಿನ ಡೇಟಾ ತೆರೆದ್ರೆ ಎಲ್ಲಾ ಗೆರೆನೂ ಕೋಟೆನೇ ಅನ್ಸತ್ತೆ.

ಮೂರು, ಹಾರಿಸೋದು

ಲೈಡಾರ್ ಹೊರೋ ಡ್ರೋನು ಸಾಮಾನ್ಯವಾಗಿ 2 ಕೆಜಿಗಿಂತ ಜಾಸ್ತಿ ಇರತ್ತೆ, ಅಂದ್ರೆ 2021ರ ಡ್ರೋನ್ ನಿಯಮದ ಪ್ರಕಾರ ಲೈಸೆನ್ಸ್ ಇರೋ ಪೈಲಟ್ ಬೇಕು, ಡ್ರೋನಿಗೆ ಗುರುತಿನ ಸಂಖ್ಯೆ ಬೇಕು. ನೀವೇ ಕೊಳ್ಳೋ ಸಾಹಸಕ್ಕೆ ಹೋಗ್ಬೇಡಿ, ಬಾಡಿಗೆಗೆ ಸರ್ವೆ ಮಾಡೋರಿದ್ದಾರೆ. ಡಿಜಿಟಲ್ ಸ್ಕೈ ಅನ್ನೋ ಸರ್ಕಾರದ ಡ್ರೋನ್ ತಾಣದ ನಕ್ಷೇಲಿ ಹಸಿರು, ಹಳದಿ, ಕೆಂಪು ವಲಯ ನೋಡ್ಕೊಳ್ಳಿ, ಹಸಿರಲ್ಲಿ 400 ಅಡಿ ತನಕ ಅನುಮತಿ ಕೇಳೋದು ಬೇಡ, ಆದ್ರೆ ಮಂಡಕಳ್ಳಿ ಏರ್‌ಪೋರ್ಟ್ ಸುತ್ತ, ಕೆಆರ್‌ಎಸ್ ಕಟ್ಟೆ ಸುತ್ತ ಎಲ್ಲಾ ಹಸಿರು ಅಂತ ಅಂದ್ಕೊಂಡು ಹೋಗ್ಬೇಡಿ. ರಕ್ಷಿತ ಸ್ಮಾರಕ ಇದ್ರೆ ಪುರಾತತ್ವ ಇಲಾಖೆಯ ಒಪ್ಪಿಗೆ ಬೇರೆ, ಮೇಲುಕೋಟೆ ವನ್ಯಜೀವಿಧಾಮದ ಒಳಗಾದ್ರೆ ಅರಣ್ಯ ಇಲಾಖೆದು ಬೇರೆ.

ಇನ್ನೊಂದು ಕಾನೂನು ಬಹಳ ಜನಕ್ಕೆ ಗೊತ್ತಿಲ್ಲ. 2021ರ ಫೆಬ್ರವರಿ ಮಾರ್ಗಸೂಚಿ ಪ್ರಕಾರ ಅಡ್ಡಕ್ಕೆ 1 ಮೀಟರ್, ಎತ್ತರಕ್ಕೆ 3 ಮೀಟರಿಗಿಂತ ಸೂಕ್ಷ್ಮವಾದ ಡೇಟಾನ ಭಾರತದ ಸಂಸ್ಥೆಗಳೇ ಮಾಡ್ಬೇಕು, ಭಾರತದಲ್ಲೇ ಇಡ್ಬೇಕು, ಇಲ್ಲೇ ಸಂಸ್ಕರಿಸ್ಬೇಕು. ಡ್ರೋನ್ ಲೈಡಾರ್ ಎಲ್ಲಾ ಇದರೊಳಗೇ ಬರತ್ತೆ, ಆದ್ದರಿಂದ ಹೊರದೇಶದ ಯಾವುದೋ ಕ್ಲೌಡ್‌ಗೆ ಫೈಲ್ ಏರಿಸಿ ಅಲ್ಲಿ ಪ್ರೋಸೆಸ್ ಮಾಡಿಸೋ ಯೋಚನೆ ಬಿಡಿ.

ಕಾಲ. ಇದು ತಪ್ಪಿದ್ರೆ ಎಂಥಾ ದುಬಾರಿ ಯಂತ್ರ ಇದ್ರೂ ಅಷ್ಟೇ. ಮಂಡ್ಯದಲ್ಲಿ ಶತ್ರು ಕಾಡಲ್ಲ, ಕಬ್ಬು. ಬೆಳೆದು ನಿಂತ ಕಬ್ಬಿನ ಗದ್ದೇಲಿ ಲೇಸರ್ ನೆಲ ಮುಟ್ಟೋದು ಕಷ್ಟ, ನೀರು ನಿಂತ ಭತ್ತದ ಗದ್ದೇಲಿ ಇನ್ನೊಂದು ಗೋಳು, ಸಾಮಾನ್ಯ ಲೈಡಾರ್ ಬಿಡೋದು ನಮ್ಮ ಕಣ್ಣಿಗೆ ಕಾಣದ ಕೆಂಪಾಚೆ (ಇನ್‌ಫ್ರಾರೆಡ್) ಬೆಳಕು, ಅದನ್ನ ನೀರು ಕುಡಿದ್ಬಿಡತ್ತೆ, ಅಲ್ಲಿ ಡೇಟಾನೇ ಇಲ್ಲ. ಖುಷ್ಕಿ ಜಮೀನು, ಗೋಮಾಳ, ಕುರುಚಲು ಗುಡ್ಡ ಆದ್ರೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ, ಎಲೆ ಉದುರಿ ಹುಲ್ಲು ಒಣಗಿ ಮುಂಗಾರಿಗೆ ಮುಂಚೆ ಇರೋ ಸಂದಿ ಒಳ್ಳೇದು. ನೀರಾವರಿ ಕಡೆ ಹಂಗಲ್ಲ, ನಾಲೆ ನೀರು ಯಾವಾಗ ನಿಲ್ಸ್ತಾರೆ, ಕಬ್ಬು ಯಾವಾಗ ಕಡೀತಾರೆ ಅಂತ ಊರವರನ್ನ ಕೇಳಿ ದಿನ ಇಟ್ಕೊಳ್ಳಿ, ಅಕ್ಕಪಕ್ಕದ ಗದ್ದೆಗಳ ಕಟಾವು ಒಂದೇ ಸಲ ಆಗಲ್ಲ, ಎರಡು ಕಂತಲ್ಲಿ ಹಾರಿಸ್ಬೇಕಾಗ್ಬಹುದು. ಶ್ರೀರಂಗಪಟ್ಟಣದ ಹತ್ರ ಇದಕ್ಕೊಂದು ತೊಡಕಿದೆ, ನಮಗೆ ಒಳ್ಳೇ ಕಾಲ ಅನ್ಸೋ ತಿಂಗಳುಗಳೇ ರಂಗನತಿಟ್ಟಿನಲ್ಲಿ ಹಕ್ಕಿ ಗೂಡು ಕಟ್ಟಿ ಮರಿ ಮಾಡೋ ಕಾಲ. ಆ ಕಡೆ ಹೋಗಲೇಬೇಡಿ, ಅನುಮತಿ ಪ್ರಶ್ನೆ ಆಮೇಲಿನ ಮಾತು.

ಸರ್ವೆಯವರ ಹತ್ರ ಮಾತಾಡುವಾಗ ಚದರ ಮೀಟರಿಗೆ ಇಷ್ಟು ಬಿಂದು ಕೊಡ್ತೀವಿ ಅಂತಾರೆ, ನೀವು ಕೇಳ್ಬೇಕಾಗಿರೋದು ನೆಲಕ್ಕೆ ಬಿದ್ದ ಬಿಂದು ಎಷ್ಟು ಅಂತ. ಅರ್ಧ ಮೀಟರ್ ಚೌಕದ ನೆಲ ಮಾದರಿ (ಗಿಡ, ಮನೆ ತೆಗೆದ ಬರೀ ನೆಲದ ಎತ್ತರದ ನಕ್ಷೆ) ಬೇಕಂದ್ರೆ ಚೌಕಕ್ಕೆ ಒಂದು ಲೆಕ್ಕದಲ್ಲಿ ಚದರ ಮೀಟರಿಗೆ ಕನಿಷ್ಠ 4 ನೆಲದ ಬಿಂದು, ಕಾಲು ಮೀಟರ್ ಬೇಕಂದ್ರೆ 16. ಗಿಡಗಂಟಿ ಇರೋ ಕಡೆ ನಿಧಾನ ಹಾರ್ಸಿ ಅನ್ನಿ, ಪಟ್ಟಿ ಪಟ್ಟಿ ಅರ್ಧದಷ್ಟು ಒಂದರ ಮೇಲೊಂದು ಬರ್ಲಿ, ಆಗೋದಾದ್ರೆ ಉದ್ದಕ್ಕೂ ಅಡ್ಡಕ್ಕೂ ಎರಡೂ ಕಡೆಯಿಂದ. ಮತ್ತೆ ಕಚ್ಚಾ ಬಿಂದುಗಳ ಫೈಲ್ ನಮಗೆ ಬೇಕು ಅಂತ ಕರಾರಲ್ಲೇ ಬರೆಸಿ. ಬಹಳ ಜನ ಸ್ವಚ್ಛ ಮಾಡಿದ ನೆಲ ಮಾದರಿ ಮಾತ್ರ ಕೊಟ್ಟು ಕೈತೊಳ್ಕೊತಾರೆ, ನಮಗೆ ಬೇಕಾಗಿದ್ದೆಲ್ಲ ಆ ಸ್ವಚ್ಛ ಮಾಡೋದ್ರಲ್ಲೇ ಹೋಗಿರತ್ತೆ.

ಫೈಲ್ ತೆರೆದಾಗ ಶ್ರೀರಂಗಪಟ್ಟಣದ ಎತ್ತರ 590 ಚಿಲ್ಲರೆ ಮೀಟರ್ ಅಂತ ಬಂದ್ರೆ ಗಾಬರಿ ಬೇಡ. ಸಮುದ್ರಮಟ್ಟದಿಂದ ಅದು ಸುಮಾರು 680, ಜಿಪಿಎಸ್ ಹೇಳೋದು ಲೆಕ್ಕಕ್ಕೆ ಅಂತ ಇಟ್ಕೊಂಡಿರೋ ನುಣುಪು ಭೂಗೋಳದಿಂದ ಎತ್ತರ, ನಮ್ಮ ಕಡೆ ಎರಡಕ್ಕೂ 80 ಮೀಟರಿಗೂ ಹೆಚ್ಚು ವ್ಯತ್ಯಾಸ ಇದೆ. ನಾಲೆ ಇಳಿಜಾರು ನೋಡುವಾಗ ಎರಡನ್ನ ಬೆರೆಸ್ಬೇಡಿ ಅಷ್ಟೇ. ಯಾವ ನಕ್ಷೆ ಲೆಕ್ಕ ಅಂತ ಸಾಫ್ಟ್‌ವೇರ್ ಕೇಳಿದಾಗ ನಮ್ಮ ಸೀಮೆಯ ವಲಯ ಯುಟಿಎಂ 43 ಉತ್ತರ, ಅದರ ಸಂಕೇತ ಇಪಿಎಸ್‌ಜಿ 32643 ಹಾಕಿ.

ನಾಲ್ಕು, ನೆಲ ಬೇರೆ ಗಿಡ ಬೇರೆ ಮಾಡೋದು

ಇಲ್ಲೇ ಎಲ್ರೂ ಅವಸರ ಮಾಡೋದು, ಇಲ್ಲೇ ನಿಧಾನ ಬೇಕಾಗಿರೋದು. ಕ್ಲೌಡ್‌ಕಂಪೇರ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಬಟ್ಟೆ ಫಿಲ್ಟರ್ ಅಂತೊಂದಿದೆ, ಬಿಂದುಗಳನ್ನೆಲ್ಲ ತಲೆಕೆಳಗು ಮಾಡಿ ಮೇಲಿಂದ ಬಟ್ಟೆ ಹೊದಿಸಿದಂಗೆ ಲೆಕ್ಕ ಹಾಕತ್ತೆ, ಬಟ್ಟೆಗೆ ಹತ್ರ ಇರೋ ಬಿಂದು ನೆಲ, ದೂರ ಇರೋದು ಗಿಡ, ಮನೆ, ಇತ್ಯಾದಿ. ಎಷ್ಟು ಹತ್ರ ಅನ್ನೋದಕ್ಕೆ ಅದು ತಾನಾಗೇ ಇಟ್ಕೊಂಡಿರೋ ಮಿತಿ ಅರ್ಧ ಮೀಟರ್.

ಈಗ ನಮ್ಮ ಸೀಮೇಲಿ ಏನಾಗತ್ತೆ ನೋಡಿ. ಮೊಣಕಾಲೆತ್ತರದ ಲಂಟಾನದ ಬುಡ ಅರ್ಧ ಮೀಟರ್ ಒಳಗೇ ಇರತ್ತೆ, ಅದು ನೆಲ ಅಂತ ಪಾಸಾಗಿ ಚಿತ್ರದ ತುಂಬಾ ಗುಳ್ಳೆ ಗುಳ್ಳೆ. ಸರಿ ಅಂತ ಮಿತಿಯನ್ನ 20 ಸೆಂಟಿಮೀಟರಿಗೆ ಇಳಿಸಿದ್ರೆ ಲಂಟಾನ ಹೋಗತ್ತೆ, ಜೊತೆಗೆ ಬಿದ್ದ ಮಣ್ಣುಗೋಡೆಯ ಅಂಚೂ ಹೋಗತ್ತೆ. ಪಾಂಡವರ ಗುಡಿ ಅಂತ ಜನ ಕರೆಯೋ ಬೃಹತ್ ಶಿಲಾ ಸಮಾಧಿಗಳ ಕಥೆ ಇನ್ನೂ ಕಷ್ಟ, ಆಳೆತ್ತರ ನಿಂತ ಚಪ್ಪಡಿ ಕಲ್ಲನ್ನ ಫಿಲ್ಟರ್ ಮನೆ ಅಂತನೋ ಪೊದೆ ಅಂತನೋ ಎತ್ತಿ ಬಿಸಾಕಿರತ್ತೆ, ನೀವು ಚಿತ್ರ ನೋಡಿ ಇಲ್ಲೇನೂ ಇಲ್ಲ ಅಂತ ಎದ್ದು ಹೋಗ್ತೀರ. ನೋಡೋಕೆ ನುಣುಪಾಗಿರೋ ನೆಲ ಮಾದರಿ ಕಂಡ್ರೆ ನನಗಂತೂ ಅನುಮಾನ.

ಅದಕ್ಕೇ ಎರಡು ಮಾದರಿ ಮಾಡಿ, ಒಂದು ಬಿಗಿ ಮಿತಿದು ಒಂದು ಸಡಿಲದ್ದು, ಒಂದರಿಂದ ಇನ್ನೊಂದು ಕಳೀರಿ. ವ್ಯತ್ಯಾಸದ ಚಿತ್ರದಲ್ಲಿ ಸಾಲಾಗಿ ಗೆರೆಯಾಗಿ ಏನಾದ್ರೂ ಬಂದ್ರೆ ಅದು ಲಂಟಾನ ಅಲ್ಲ, ಲಂಟಾನ ಗೆರೆ ಎಳ್ದಂಗೆ ಬೆಳಿಯಲ್ಲ (ಬೇಲಿ ಮೇಲೆ ಬೆಳೆದಿದ್ರೆ ಬೆಳೆಯತ್ತೆ, ಆ ಬೇಲಿ ಯಾಕಲ್ಲಿದೆ ಅನ್ನೋದೂ ಕೇಳ್ಬೇಕಾದ ಪ್ರಶ್ನೆನೇ). ಜೊತೆಗೆ ಚೌಕಕ್ಕೆ ಎಷ್ಟು ನೆಲದ ಬಿಂದು ಬಿದ್ದಿದೆ ಅಂತ ಒಂದು ನಕ್ಷೆ ಮಾಡ್ಕೊಳ್ಳಿ. ಬಿಂದು ಇಲ್ಲದ ಕಡೆ ಕಂಪ್ಯೂಟರ್ ಸುತ್ತಲಿನ ಬಿಂದು ಹಿಡಿದು ತ್ರಿಕೋನ ಎಳೆದು ತುಂಬಿಸ್ಬಿಡತ್ತೆ, ಆ ತ್ರಿಕೋನದ ಅಂಚು ನೋಡಿದ್ರೆ ಥೇಟ್ ಕೋಟೆ ಬುರುಜಿನ ಮೂಲೆ ಥರ ಕಾಣತ್ತೆ.

ಐದು, ಕಾಣೋ ಹಂಗೆ ಮಾಡೋದು

ಕ್ಯೂಜಿಐಎಸ್ ಅನ್ನೋ ಫ್ರೀ ನಕ್ಷೆ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಅದಕ್ಕೆ ಸ್ಲೊವೇನಿಯಾದ ಸಂಶೋಧನಾ ಸಂಸ್ಥೆಯೊಂದು ಮಾಡಿರೋ ಆರ್‌ವಿಟಿ ಅನ್ನೋ ಫ್ರೀ ಪ್ಲಗಿನ್ ಇದೆ, ಪುರಾತತ್ವದವರಿಗೋಸ್ಕರನೇ ಬೆಳೆಸಿದ್ದು. ಎಲ್ರೂ ಮೊದ್ಲು ಹಿಲ್‌ಶೇಡ್ ಮಾಡ್ತಾರೆ, ಒಂದು ಕಡೆಯಿಂದ ಬೆಳಕು ಬಿಟ್ಟು ನೆರಳು ನೋಡೋದು, ವಾಯವ್ಯದಿಂದ ಬೆಳಕು ಅಂತ ಅದರಲ್ಲೇ ಇಟ್ಟಿರ್ತಾರೆ. ಚೆಂದ ಕಾಣತ್ತೆ, ಮೋಸನೂ ಮಾಡತ್ತೆ, ಬೆಳಕು ಬರೋ ದಿಕ್ಕಿಗೇ ಸಮವಾಗಿ ಮಲಗಿರೋ ಏರಿಗೆ ನೆರಳೇ ಬೀಳಲ್ಲ, ಆಗ ಅದು ಚಿತ್ರದಲ್ಲಿ ಇಲ್ಲವೇ ಇಲ್ಲ. ಬೆಳಕನ್ನ ಚಿತ್ರದ ಕೆಳಗಡೆಯಿಂದ, ಅಂದ್ರೆ ದಕ್ಷಿಣದಿಂದ ಬಿಟ್ರಂತೂ ಹಳ್ಳ ದಿಬ್ಬ ಆಗಿ ದಿಬ್ಬ ಹಳ್ಳ ಆಗಿ ಕಣ್ಣಿಗೆ ಕಾಣತ್ತೆ. ಕನಿಷ್ಠ ಎಂಟು ದಿಕ್ಕಿಂದ ಮಾಡಿ.

ಅದಕ್ಕಿಂತ ಒಳ್ಳೇದು ಆಕಾಶ ಎಷ್ಟು ಕಾಣತ್ತೆ ಅನ್ನೋ ಲೆಕ್ಕ, ಸ್ಕೈ ವ್ಯೂ ಫ್ಯಾಕ್ಟರ್ ಅಂತಾರೆ. ಕಂದಕದ ತಳದಲ್ಲಿ ನಿಂತವನಿಗೆ ಆಕಾಶ ಕಮ್ಮಿ ಕಾಣತ್ತೆ, ಅದು ಕಪ್ಪು, ಏರಿ ಮೇಲೆ ನಿಂತವನಿಗೆ ಪೂರ್ತಿ ಕಾಣತ್ತೆ, ಅದು ಬಿಳಿ. ದಿಕ್ಕಿನ ಹಂಗಿಲ್ಲ. ಗೋಡೆ, ಗುಂಡಿ, ಕಂದಕದಂಥ ಚೂಪು ಅಂಚಿನ ವಸ್ತುಗೆ ಇದು, ಸುತ್ತ 5ರಿಂದ 10 ಮೀಟರ್ ನೋಡು ಅಂತ ಕೊಡಿ. ಆದ್ರೆ ನೂರಾರು ವರ್ಷ ಉತ್ತು ಉತ್ತು ಅಗಲಕ್ಕೆ ಹರಡಿಹೋದ ಕೆರೆ ಏರಿ ಇದರಲ್ಲಿ ಸಿಗಲ್ಲ, ಅದಕ್ಕೆ ಸ್ಥಳೀಯ ಉಬ್ಬು ಮಾದರಿ ಬೇಕು, ಅಂದ್ರೆ ನೆಲವನ್ನ 20-30 ಮೀಟರ್ ಅಳತೇಲಿ ನುಣುಪು ಮಾಡಿ ಅದನ್ನ ನಿಜವಾದ ನೆಲದಿಂದ ಕಳೆಯೋದು. ಗುಡ್ಡದ ಇಳಿಜಾರೆಲ್ಲ ಹೋಗಿ ಅದರ ಮೇಲಿನ ಒಂದಡಿ ಉಬ್ಬು ಮಾತ್ರ ಉಳಿಯತ್ತೆ. ನಮ್ಮ ಬಯಲು ಸೀಮೆಗೆ ನಾನು ಮೊದ್ಲು ತೆಗೆಯೋದೇ ಇದನ್ನ. ಕುಂತಿಬೆಟ್ಟದಂಥ ಬಂಡೆ ಜಾಗಕ್ಕೆ ಮಾತ್ರ ಇದು ಕೆಲಸಕ್ಕೆ ಬರಲ್ಲ, ಪ್ರತಿ ಬಂಡೆನೂ ಎದ್ದು ಕೂತ್ಕೊಂಡು ಕಿರುಚತ್ತೆ.

ಆರು, ಇದೇನು ಅಂತ ನಿರ್ಧರಿಸೋದು

ಕಂಡ ಪ್ರತಿ ಗೆರೆಗೂ ಮೊದ್ಲು ಇದು ಹೊಸದು ಅಂತಲೇ ಅಂದ್ಕೊಳ್ಳಿ. ಚೌಕದ ಗುಂಡಿ, ಮೂಲೆ ಚೂಪು, ಪಕ್ಕದಲ್ಲಿ ಮಣ್ಣಿನ ಗುಡ್ಡೆ, ಅದು ಪುಷ್ಕರಣಿ ಅಲ್ಲ ಕೃಷಿ ಹೊಂಡ. ರೈಲ್ವೆ ಹಳಿ ಪಕ್ಕ ಸಾಲು ಗುಂಡಿ ಇದ್ರೆ ಹಳಿಗೆ ಮಣ್ಣು ತೆಗೆದಿದ್ದು. ಗುಡ್ಡ ಸುತ್ಕೊಂಡು ಒಂದೇ ಮಟ್ಟದಲ್ಲಿ ಹೋಗೋ ಉದ್ದದ ಏರಿ, ಹಿಂದೆ ಇರ್ವಿನ್ ನಾಲೆ ಅಂತಿದ್ದ ವಿ.ಸಿ. ನಾಲೆಯ ಕವಲಾ ಅಂತ ನೋಡಿ. ಇಟ್ಟಿಗೆ ಗೂಡು, ಕಲ್ಲು ಕ್ವಾರಿ, ಹೊಳೆ ಪಕ್ಕ ಮರಳು ತೆಗೆದ ಗುಂಡಿ, ಇವೆಲ್ಲ ಒಂದೊಂದು ವೇಷ ಹಾಕ್ಕೊಂಡು ಬರ್ತವೆ. ಗೂಗಲ್ ಅರ್ಥಲ್ಲಿ ಹಳೇ ವರ್ಷಗಳ ಚಿತ್ರ ಹಿಂದಕ್ಕೆ ಎಳೀರಿ, ಆಮೇಲೆ ಕೊರೋನಾ ಫೋಟೋ ಮೇಲಿಡಿ, 1960ರ ದಶಕದ ಚಿತ್ರದಲ್ಲೂ ಅದೇ ಗೆರೆ ಇದ್ರೆ ಅರ್ಧ ಅನುಮಾನ ಹೋಯ್ತು. ಆಮೇಲೆ ಗ್ರಾಮ ನಕ್ಷೆ. ಹೊಲದ ಗಡಿಗಳು ಆ ಏರಿನ ಬಳಸಿ ಹೋಗಿದ್ರೆ ಗಡಿ ಎಳೆಯುವಾಗಲೇ ಏರಿ ಅಲ್ಲಿತ್ತು, ಗಡಿ ಅದನ್ನ ಸೀಳ್ಕೊಂಡು ಹೋಗಿದ್ರೆ ಅಷ್ಟೊತ್ತಿಗಾಗ್ಲೇ ಅದು ಯಾರಿಗೂ ಬೇಡವಾಗಿತ್ತು, ಇಲ್ಲಾ ಇರ್ಲೇ ಇಲ್ಲ. ಈ ಒಂದು ಪರೀಕ್ಷೆ ಮಾಡ್ದೇ ಕಾಲ ನಿರ್ಣಯದ ಮಾತಾಡ್ಬೇಡಿ.

ನಿರೀಕ್ಷೆನೂ ನೆಲದ ಮೇಲಿರ್ಲಿ. 1799ರ ಮೇ 4ಕ್ಕೆ ಕಾವೇರೀಲಿ ನೀರು ಕಮ್ಮಿ ಇದ್ದಾಗ ಬ್ರಿಟಿಷ್ ಸೈನ್ಯದವರು ಹೊಳೆ ದಾಟಿ ಟಿಪ್ಪುವಿನ ಶ್ರೀರಂಗಪಟ್ಟಣಕ್ಕೆ ನುಗ್ಗಿದ್ರಲ್ಲ, ಆ ಮುತ್ತಿಗೆಯ ತೋಡುಗಾಲುವೆ, ಫಿರಂಗಿ ನೆಲೆ ಹುಡುಕೋಣ ಅಂತ ಎಲ್ರಿಗೂ ಆಸೆ. ಕೆಲವು ವಾರ ಬಳಸಿದ ಮಣ್ಣಿನ ತೋಡು, ಆಮೇಲೆ 200 ವರ್ಷಕ್ಕೂ ಹೆಚ್ಚು ಕಾಲ ಕೆಸರುಗದ್ದೆ ಉಳುಮೆ. ಸಿಕ್ಕೋದು ಕಷ್ಟ. ಕೋಟೆಯ ಕಂದಕ ಎಲ್ಲೆಲ್ಲಿ ಮುಚ್ಚಿ ಹೋಗಿದೆ ಅನ್ನೋದು ಸುಲಭವಾಗಿ ಸಿಗತ್ತೆ, ಉಪಯೋಗನೂ ಜಾಸ್ತಿ.

ಏಳು, ನಡೆಯೋದು

ಮಳೆ ಬಿದ್ದು ಉತ್ತು ಬಿಟ್ಟಿರೋ ಹೊಲದಲ್ಲಿ ಮಡಕೆ ಚೂರು ಚೆನ್ನಾಗಿ ಕಾಣತ್ತೆ, ಹಂಗಾಗಿ ಹಾರಿಸೋಕೆ ಬೇಸಿಗೆ, ನಡೆಯೋಕೆ ಮುಂಗಾರಿನ ಮೊದಲ ಮಳೆ ಆದ್ಮೇಲೆ. ಹೊಲದವರನ್ನ ಕೇಳಿ ಇಳೀರಿ, ಡ್ರೋನ್ ಹಾರಿದ್ಮೇಲೆ ನಕ್ಷೆ ಹಿಡ್ಕೊಂಡು ಯಾರೋ ಬಂದ್ರು ಅಂದ್ರೆ ಭೂಸ್ವಾಧೀನ ಅಂತಲೇ ಜನ ಅಂದ್ಕೊಳ್ಳೋದು, ತಪ್ಪೇನಿಲ್ಲ. ಕುರಿ ಮೇಯಿಸೋರನ್ನ ಮಾತಾಡ್ಸಿ, ಕೋಟೆಹೊಲ, ಹಾಳೂರು, ಪಟ್ಟಣದ ದಿಬ್ಬ, ಇಂಥಾ ಹೆಸರು ಪಹಣೀಲಿರಲ್ಲ, ಅವರ ಬಾಯಲ್ಲಿರತ್ತೆ. ಪ್ರತಿ ಜಾಗಕ್ಕೂ ಒಂದು ಹಾಳೆ ಇಟ್ಕೊಂಡು ಚಿತ್ರದಲ್ಲಿ ಏನು ಕಾಣ್ತು, ನೆಲದಲ್ಲಿ ಏನಿದೆ, ಎಷ್ಟು ಖಾತ್ರಿ ಅಂತ ಬರೀರಿ, ಏನೂ ಇಲ್ಲಾಂದ್ರೆ ಅದನ್ನೂ ಬರೀರಿ. ಚೂರು, ನಾಣ್ಯ, ಕಲ್ಲು ಏನನ್ನೂ ಎತ್ಕೊಂಡು ಬರ್ಬೇಡಿ, ಅಗೆಯೋದಂತೂ ಬೇಡ್ವೇ ಬೇಡ, ಫೋಟೋ ತೆಗೀರಿ ಅಳತೆಪಟ್ಟಿ ಇಟ್ಟು.

ಕೊನೇದು, ಯಾರಿಗೆ ಕೊಡೋದು. ನಿಖರವಾದ ಜಾಗದ ಅಂಕಿಗಳನ್ನ ವಾಟ್ಸಾಪ್ ಗುಂಪಿಗೋ ಫೇಸ್‌ಬುಕ್ಕಿಗೋ ಹಾಕ್ಬೇಡಿ, ನಿಧಿ ಅಗೆಯೋರು ಅಮಾವಾಸ್ಯೆ ತನಕನೂ ಕಾಯಲ್ಲ. ಚಿತ್ರ ಹಾಕೋ ಆಸೆ ಇದ್ರೆ ದಿಕ್ಕು, ಅಳತೆ, ಊರಿನ ಹೆಸರು ಎಲ್ಲಾ ತೆಗೆದು ಹಾಕಿ. ಪೂರ್ತಿ ವರದಿ ಮೈಸೂರಲ್ಲಿರೋ ರಾಜ್ಯ ಪುರಾತತ್ವ ಇಲಾಖೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ತಗೊಳ್ಳಿ, ಕೇಂದ್ರದ ರಕ್ಷಿತ ಸ್ಮಾರಕದ 100 ಮೀಟರ್ ಒಳಗಿಂದಾದ್ರೆ ಅದು ಕಟ್ಟಡ ನಿಷೇಧದ ವಲಯ, ಆಚೆಗಿನ 200 ಮೀಟರ್ ನಿಯಂತ್ರಿತ ವಲಯ, ವರದೀಲಿ ಆ ಗೆರೆಗಳನ್ನೂ ಎಳೆದು ತೋರಿಸಿ, ಆಗ ಅಧಿಕಾರಿಗಳಿಗೆ ಓದೋಕೆ ಕಾರಣ ಸಿಗತ್ತೆ. ಕಚ್ಚಾ ಫೈಲಿನ ಎರಡು ಪ್ರತಿ ಬೇರೆ ಬೇರೆ ಡಿಸ್ಕಲ್ಲಿಡಿ, ಒಂದು ಪುಟದ ಟಿಪ್ಪಣೀಲಿ ಹಾರಿಸಿದ ತಾರೀಕು, ಬೆಳೆ ಏನಿತ್ತು, ಯಾವ ಎತ್ತರದ ಲೆಕ್ಕ, ಫಿಲ್ಟರಿಗೆ ಕೊಟ್ಟ ಮಿತಿ ಎಷ್ಟು ಅಂತ ಬರೆದು ಅದರ ಜೊತೆಗೇ ಇಡಿ, ಮುಂದೆ ಒಳ್ಳೇ ಫಿಲ್ಟರ್ ಬಂದಾಗ ಯಾರಾದ್ರೂ ಅದೇ ಬಿಂದುಗಳನ್ನ ಮತ್ತೆ ಜರಡಿ ಹಿಡೀಬಹುದು.